ಇಟ್ಟಿಗೆ ಹೀಟರ್ ತೆಗೆಸುವ ಮುನ್ನ



ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಈಗ ಬ್ರಿಟನ್ನಿನಲ್ಲಿದ್ದಾರೆ. ಓದಲು ಹೋದವರಿದ್ದಾರೆ, ಆಸ್ಪತ್ರೆಗಳಲ್ಲಿ ದುಡಿಯುವ ಡಾಕ್ಟರು-ನರ್ಸುಗಳಿದ್ದಾರೆ, ಸಾಫ್ಟ್‌ವೇರಿನವರಂತೂ ಇದ್ದೇ ಇದ್ದಾರೆ. ಇವರೆಲ್ಲ ಮೊದಲು ಹಿಡಿಯುವುದು ಸಾಮಾನ್ಯವಾಗಿ ಒಂದು ಸಣ್ಣ ಫ್ಲ್ಯಾಟು. ಅದಕ್ಕೆ ಗ್ಯಾಸ್ ಸಂಪರ್ಕ ಇಲ್ಲದಿದ್ದರೆ, ಹಾಲಿನ ಗೋಡೆಗೆ ಒರಗಿಕೊಂಡು ಬಿಳಿಯದೋ ಕೆನೆ ಬಣ್ಣದ್ದೋ ಒಂದು ತಗಡಿನ ಪೆಟ್ಟಿಗೆ ನಿಂತಿರುವ ಸಂಭವ ಹೆಚ್ಚು. ಸೂಟ್‌ಕೇಸಿನಷ್ಟೇ ದಪ್ಪ, ಆದರೆ ಇಬ್ಬರು ಗಂಡಾಳು ಸೇರಿ ನೂಕಿದರೂ ಅಲುಗದಷ್ಟು ಭಾರ. ನೆತ್ತಿಯ ಮೇಲೆ ಎರಡು ತಿರುಪು ಗುಂಡಿಗಳು. ಅದರ ಹೆಸರು ಸ್ಟೋರೇಜ್ ಹೀಟರ್. ಚಳಿಗಾಲದಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ಅಪ್ಪ-ಅಮ್ಮಂದಿರು ಇದನ್ನು ನೋಡಿರುತ್ತಾರೆ. ಕೆಲವರು ಅದರ ಮೇಲೆ ಒದ್ದೆ ಟವೆಲು ಹರವಿ ಬೈಸಿಕೊಂಡೂ ಇರುತ್ತಾರೆ. ಬೈದದ್ದು ಸರಿ. ಅದರ ಮೇಲೆ ಏನನ್ನೂ ಹೊದಿಸಬಾರದು, ಬೆಂಕಿಯ ಭಯವಿದೆ.

ಈ ಪೆಟ್ಟಿಗೆಯನ್ನು ಕಿತ್ತುಹಾಕಿ ಅದರ ಜಾಗದಲ್ಲಿ ಸಾಮಾನ್ಯ ವಿದ್ಯುತ್ ರೇಡಿಯೇಟರ್ ಕೂರಿಸಬೇಕೇ, ಬೇಡವೇ ಎಂಬುದು ಅಲ್ಲಿಯ ಮನೆಗಳಲ್ಲಿ ಪ್ರತಿ ಚಳಿಗಾಲವೂ ಏಳುವ ಪ್ರಶ್ನೆ. ಕಿತ್ತುಹಾಕಿಸಿದವರಲ್ಲಿ ಕೆಲವರು ನೆಮ್ಮದಿಯಾಗಿದ್ದಾರೆ, ಕೆಲವರು ಬಿಲ್ಲು ಕಂಡು ಹಣೆ ಚಚ್ಚಿಕೊಂಡಿದ್ದಾರೆ. ಇಬ್ಬರೂ ಕೊಂಡದ್ದು ಒಂದೇ ಬಗೆಯ ರೇಡಿಯೇಟರ್. ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ವಿದ್ಯುತ್ ವಿತರಣೆಯ ಕೆಲಸದಲ್ಲೇ ತಲೆ ನರೆಸಿಕೊಂಡವನಾದ ನನಗೆ ಕಾಣುವ ಉತ್ತರ ಇಷ್ಟೆ: ಅಲ್ಲಿ ಕರೆಂಟಿಗೆ ಗಂಟೆಗೊಂದು ಬೆಲೆ. ಯಾವ ಕೋಣೆಗೆ ಯಾವ ಹೊತ್ತಿನಲ್ಲಿ ಶಾಖ ಬೇಕು ಎಂದು ತಿಳಿಯದೆ ಹೀಟರ್ ಬದಲಿಸಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಆ ಪೆಟ್ಟಿಗೆಯ ಒಳಗೆ ಏನಿದೆ ನೋಡೋಣ. ಮುಂದಿನ ತಗಡಿನ ತಿರುಪು ಬಿಚ್ಚಿ ತೆಗೆದರೆ ಶಾಖ ನಿರೋಧಕದ ದಪ್ಪ ಹಲಗೆ. ಅದರ ಹಿಂದೆ ಒತ್ತಾಗಿ ಪೇರಿಸಿದ ಇಟ್ಟಿಗೆಗಳು. ನಮ್ಮ ಗೋಡೆಯ ಇಟ್ಟಿಗೆಯಲ್ಲ. ಕಬ್ಬಿಣದ ಆಕ್ಸೈಡಿನಂಥ ಭಾರವಾದ ವಸ್ತುವಿನಿಂದ ಮಾಡಿದ, ಕಪ್ಪಗೆ ನುಣ್ಣಗಿರುವ ಇಟ್ಟಿಗೆ. ಒಂದೊಂದರ ಮೈಯಲ್ಲೂ ಗೀರುಗಾಲುವೆ. ಆ ಕಾಲುವೆಗಳೊಳಗೆ ಬೆರಳು ಗಾತ್ರದ ಕಾಯಿಸುವ ಕಡ್ಡಿಗಳು ಬಳಸಿಕೊಂಡು ಹೋಗಿರುತ್ತವೆ. ರಾತ್ರಿ ಕರೆಂಟು ಬಂದಾಗ ಕಡ್ಡಿ ಕೆಂಪಗೆ ಕಾಯುತ್ತದೆ, ಇಟ್ಟಿಗೆ ಆ ಶಾಖ ಹೀರಿಕೊಳ್ಳುತ್ತದೆ. ನಡುವಿನ ಇಟ್ಟಿಗೆಗಳು ಆರುನೂರು ಡಿಗ್ರಿಯ ಆಸುಪಾಸಿಗೆ ಹೋಗುವುದೂ ಉಂಟು. ಬೆಳಿಗ್ಗೆ ಕರೆಂಟು ನಿಂತ ಮೇಲೆ ದಿನವಿಡೀ ಆ ಶಾಖ ಮೆಲ್ಲಗೆ ಕೋಣೆಗೆ ಇಳಿಯುತ್ತದೆ. ರಾಯಚೂರು, ಬಳ್ಳಾರಿ ಕಡೆ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗಿದವರಿಗೆ ಗೊತ್ತು: ಹಗಲು ಕಾದ ಕಲ್ಲು ನಡುರಾತ್ರಿಯವರೆಗೂ ಬೆನ್ನು ಸುಡುತ್ತದೆ. ಅದೇ ಕೆಲಸ ಇಲ್ಲಿ ತಿರುವುಮುರುವಾಗಿ ನಡೆಯುತ್ತದೆ.

ಮೇಲಿನ ಎರಡು ಗುಂಡಿಗಳಲ್ಲಿ ಒಂದು ಇನ್‌ಪುಟ್, ಇನ್ನೊಂದು ಔಟ್‌ಪುಟ್. ರಾತ್ರಿ ಎಷ್ಟು ಶಾಖ ತುಂಬಿಕೊಳ್ಳಬೇಕು ಎಂದು ಹೇಳುವುದು ಇನ್‌ಪುಟ್. ಒಳಗಿನ ಶಾಖವನ್ನು ಎಷ್ಟು ಬೇಗ ಹೊರಬಿಡಬೇಕು ಎಂದು ಹೇಳುವುದು ಔಟ್‌ಪುಟ್. ಅದನ್ನು ತಿರುಗಿಸಿದರೆ ಮೇಲ್ಗಡೆಯ ಒಂದು ಸಣ್ಣ ಕದ ತೆರೆದುಕೊಂಡು ಬಿಸಿಗಾಳಿ ಹೆಚ್ಚಾಗಿ ಬರುತ್ತದೆ. ಮಲಗುವ ಮುನ್ನ ಔಟ್‌ಪುಟ್ ಪೂರ್ತಿ ಇಳಿಸಬೇಕು. ಇಳಿಸದಿದ್ದರೆ ರಾತ್ರಿ ತುಂಬುತ್ತಿರುವಾಗಲೇ ಶಾಖ ಸೋರಿಹೋಗುತ್ತದೆ. ನಾವು ಕಂಬಳಿಯೊಳಗಿರುವಾಗ ಖಾಲಿ ಹಾಲು ಬೆಚ್ಚಗಾಗುತ್ತದೆ, ಸಂಜೆಗೆ ಪೆಟ್ಟಿಗೆ ತಣ್ಣಗಿರುತ್ತದೆ. ಈ ಒಂದು ಗುಂಡಿಯ ಮರ್ಮ ಗೊತ್ತಿಲ್ಲದೆ ಹೀಟರನ್ನೇ ಬೈಯುವವರು ಬಹಳ.

ಇಷ್ಟು ಸುತ್ತುಬಳಸಿನ ಯಂತ್ರವನ್ನು ಯಾಕೆ ಮಾಡಿದರು? ಅದರ ಕಥೆ ಮನೆಯೊಳಗಿಲ್ಲ, ವಿದ್ಯುತ್ ಕೇಂದ್ರಗಳಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ವಿದ್ಯುತ್ತಿಗೆ ತತ್ವಾರ. 1947ರ ಚಳಿಗಾಲದಲ್ಲಂತೂ ಕಲ್ಲಿದ್ದಲು ಸಾಗದೆ ಕಾರ್ಖಾನೆಗಳೇ ಮುಚ್ಚಿದ್ದವು. 1948ರಲ್ಲಿ ಸರ್ಕಾರ ವಿದ್ಯುತ್ ಉದ್ಯಮವನ್ನು ರಾಷ್ಟ್ರೀಕರಿಸಿತು. ಹೊಸ ಹೊಸ ಉಷ್ಣಸ್ಥಾವರಗಳು ಎದ್ದವು. 1956ರಲ್ಲಿ ಕಾಲ್ಡರ್ ಹಾಲ್‌ನಲ್ಲಿ ಅಣುವಿದ್ಯುತ್ ಶುರುವಾಯಿತು. ಆದರೆ ಒಂದು ತೊಡಕು. ಜನ ಕರೆಂಟು ಬಳಸುವುದು ಬೆಳಿಗ್ಗೆ ಮತ್ತು ಸಂಜೆ. ನಡುರಾತ್ರಿ ಕೇಳುವವರಿಲ್ಲ. ಕಲ್ಲಿದ್ದಲಿನ ದೊಡ್ಡ ಬಾಯ್ಲರನ್ನು ಆರಿಸಿ ಮತ್ತೆ ಹೊತ್ತಿಸುವುದು ಗಂಟೆಗಟ್ಟಲೆ ಕೆಲಸ. ಅಣುಸ್ಥಾವರವನ್ನಂತೂ ಒಂದೇ ಹದದಲ್ಲಿ ಓಡಿಸುವುದೇ ಲೇಸು. ಹಾಗಾಗಿ ರಾತ್ರಿಯ ಕರೆಂಟಿಗೆ ಗಿರಾಕಿ ಹುಡುಕಬೇಕಾಯಿತು. ಮಲಗಿದ ಮನುಷ್ಯ ಗಿರಾಕಿಯಾಗಲಾರ. ಅವನ ಮನೆಯ ಇಟ್ಟಿಗೆ ಆಗಬಹುದು!

ಹೀಗೆ 1960ರ ದಶಕದಲ್ಲಿ ಸ್ಟೋರೇಜ್ ಹೀಟರುಗಳು ಜನಪ್ರಿಯವಾದವು. 1978ರಲ್ಲಿ ಎಕಾನಮಿ ಸೆವೆನ್ ಎಂಬ ದರಪಟ್ಟಿ ಬಂತು. ರಾತ್ರಿಯ ಏಳು ಗಂಟೆ ಕಾಲ ಕಡಿಮೆ ದರ, ಮಿಕ್ಕ ಹದಿನೇಳು ಗಂಟೆ ಹೆಚ್ಚು ದರ. ಮೀಟರಿನಲ್ಲಿ ಎರಡು ಲೆಕ್ಕ: ರಾತ್ರಿಯದು ಬೇರೆ, ಹಗಲಿನದು ಬೇರೆ. ಎತ್ತರದ ಕಟ್ಟಡಗಳಲ್ಲಿ ಈ ಹೀಟರುಗಳು ಹೆಚ್ಚಾಗಿ ಕಾಣುವುದಕ್ಕೆ ಇನ್ನೊಂದು ಕಾರಣವೂ ಇದೆ. 1968ರ ಮೇ 16ರ ಬೆಳಿಗ್ಗೆ ಲಂಡನ್ನಿನ ಪೂರ್ವಭಾಗದಲ್ಲಿ ರೋನನ್ ಪಾಯಿಂಟ್ ಎಂಬ ಇಪ್ಪತ್ತೆರಡು ಮಹಡಿಯ ಹೊಸ ಕಟ್ಟಡದಲ್ಲಿ ಗ್ಯಾಸ್ ಸ್ಫೋಟವಾಗಿ ಒಂದು ಮೂಲೆ ಪೂರ್ತಿ ಕುಸಿಯಿತು, ನಾಲ್ವರು ಸತ್ತರು. ಕಾಂಕ್ರೀಟಿನ ಸಿದ್ಧ ಹಲಗೆಗಳನ್ನು ಜೋಡಿಸಿ ಕಟ್ಟಿದ ಅಂಥ ಎಷ್ಟೋ ಕಟ್ಟಡಗಳಿಂದ ಆಮೇಲೆ ಗ್ಯಾಸನ್ನು ದೂರವಿಟ್ಟರು. ಗ್ಯಾಸ್ ಹೋದ ಕಡೆ ವಿದ್ಯುತ್ತೇ ಗತಿ.

ಬಾನುಲಿಯಲ್ಲಿ ಕೂತು ಮಾತಾಡುತ್ತಿರುವುದರಿಂದ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಲಕ್ಷಾಂತರ ಮನೆಗಳಲ್ಲಿ ಈ ಹೀಟರುಗಳನ್ನು ಹೊತ್ತಿಸಿ ಆರಿಸುತ್ತಿದ್ದುದು ಒಂದು ಬಾನುಲಿ ಕೇಂದ್ರ. 1980ರ ದಶಕದಲ್ಲಿ ರೇಡಿಯೋ ಟೆಲಿಸ್ವಿಚ್ ಎಂಬ ಏರ್ಪಾಡು ಬಂತು. ಬಿಬಿಸಿಯ ರೇಡಿಯೋ ಫೋರ್ ದೀರ್ಘತರಂಗದಲ್ಲಿ, 198 ಕಿಲೋಹರ್ಟ್ಸ್‌ನಲ್ಲಿ, ವಾರ್ತೆ, ನಾಟಕ, ಹವಾಮಾನ ಎಲ್ಲ ಬರುತ್ತಿತ್ತು. ಬಹಳ ವರ್ಷ ಟೆಸ್ಟ್ ಕ್ರಿಕೆಟ್ಟಿನ ವೀಕ್ಷಕ ವಿವರಣೆಯೂ ಬರುತ್ತಿತ್ತು. ಅದೇ ಅಲೆಯ ಬೆನ್ನ ಮೇಲೆ, ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಇನ್ನೊಂದು ಸಂದೇಶ ಪಯಣಿಸುತ್ತಿತ್ತು. ಮೀಟರಿನ ಪಕ್ಕದ ಪೆಟ್ಟಿಗೆ ಅದನ್ನು ಹಿಡಿದು, ‘ಈಗ ಕಡಿಮೆ ದರ’ ಎಂದು ಮೀಟರಿಗೂ ‘ಈಗ ಕಾಯಬಹುದು’ ಎಂದು ಹೀಟರಿಗೂ ತಿಳಿಸುತ್ತಿತ್ತು. ಇಂಗ್ಲೆಂಡಿನ ಡ್ರಾಯ್ಟ್‌ವಿಚ್‌ನಲ್ಲಿ ಒಂದು, ಸ್ಕಾಟ್ಲೆಂಡಿನಲ್ಲಿ ಎರಡು, ಹೀಗೆ ಮೂರು ಪ್ರಸಾರ ಕೇಂದ್ರಗಳು ಒಂದು ದೇಶದ ಮನೆಗಳನ್ನು ಬೆಚ್ಚಗಿಡಲು ನೆರವಾದವು. ಆ ಹಳೆಯ ಉಪಕರಣಗಳಿಗೆ ಈಗ ಆಯಸ್ಸು ಮುಗಿದಿದೆ. 2025ರ ಜೂನ್ 30ರಿಂದ ಈ ಸಂಕೇತವನ್ನು ಹಂತಹಂತವಾಗಿ ನಿಲ್ಲಿಸುವ ಕೆಲಸ ಶುರುವಾಯಿತು. ಅದನ್ನೇ ನಂಬಿದ್ದ ಮನೆಗಳು ಸ್ಮಾರ್ಟ್ ಮೀಟರಿಗೆ ಬದಲಾಗಬೇಕಾಯಿತು. ಮೀಟರ್ ಬದಲಾಗುವ ಹೊತ್ತಿಗೆ, ಹೀಟರನ್ನೂ ಬದಲಿಸಿಬಿಡೋಣವೇ ಎಂಬ ಯೋಚನೆ ಬರುವುದು ಸಹಜ.

ನನ್ನ ತಂಗಿಯ ಮಗಳು ಲೀಡ್ಸ್ ನಗರದಲ್ಲಿದ್ದಾಳೆ. ಗಂಡ-ಹೆಂಡತಿ ಸೇರಿ ಎರಡು ಕೋಣೆಯ ಫ್ಲ್ಯಾಟು ಕೊಂಡಿದ್ದಾರೆ. ಒಂದು ದಿನ ಫೋನಿನಲ್ಲಿ ಅವಳ ಗೋಳು: “ಮಾಮ, ಬೆಳಿಗ್ಗೆ ಏಳೋ ಹೊತ್ತಿಗೆ ಮನೆ ಕಾದು ಕೂತಿರುತ್ತೆ. ಸಂಜೆ ಏಳು ಗಂಟೆಗೆ, ನಿಜವಾಗ್ಲೂ ಬೇಕಾದಾಗ, ಕೈ ಇಟ್ರೆ ಉಗುರುಬೆಚ್ಚಗೂ ಇರಲ್ಲ. ಈ ಇಟ್ಟಿಗೆ ಪೆಟ್ಟಿಗೇನೆಲ್ಲ ಕಿತ್ತಾಕಿಸಿ ಒಳ್ಳೇ ರೇಡಿಯೇಟರ್ ಹಾಕಿಸ್ಬಿಡ್ತೀವಿ.”

ಅವಳ ದೂರು ನ್ಯಾಯವಾದದ್ದೇ. ಡಿಸೆಂಬರಿನಲ್ಲಿ ಲೀಡ್ಸ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ಹೊತ್ತು ಮುಳುಗುತ್ತದೆ. ಚಳಿ ಏರುವುದು ಸಂಜೆ, ಇಟ್ಟಿಗೆ ಸೋಲುವುದೂ ಸಂಜೆ. ಇನ್ನೊಂದು ಕಷ್ಟವೂ ಇದೆ. ನಾಳೆ ಎಷ್ಟು ಶಾಖ ಬೇಕೆಂದು ಇವತ್ತು ರಾತ್ರಿಯೇ ತೀರ್ಮಾನಿಸಬೇಕು. ನಾಳೆ ಬಿಸಿಲು ಬಿದ್ದರೆ, ಮನೆಯವರೆಲ್ಲ ಹೊರಗೆ ಹೋದರೆ, ತುಂಬಿಟ್ಟ ಶಾಖವನ್ನು ವಾಪಸು ಕೊಡುವಂತಿಲ್ಲ. ಪೆಟ್ಟಿಗೆಯೊಳಗೆ ಶಾಖ ಎಲ್ಲೂ ಕಳೆದುಹೋಗುವುದಿಲ್ಲ, ಎಲ್ಲವೂ ಮನೆಯೊಳಗೇ ಇಳಿಯುತ್ತದೆ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಇಳಿಯುತ್ತದೆ.

“ಆಯ್ತಮ್ಮ, ಹಾಕಿಸು. ಅದಕ್ಕೆ ಮುಂಚೆ ನಿನ್ನ ಮೀಟರ್ ಕಡೆ ಹೋಗಿ ಅಲ್ಲಿ ಏನೇನು ಇದೆ ಅಂತ ಫೋಟೋ ತೆಗೆದು ಕಳಿಸು” ಅಂದೆ.

ಫೋಟೋ ಬಂತು. ಮೀಟರಿನ ಕೆಳಗೆ ಒಂದಲ್ಲ, ಎರಡು ಫ್ಯೂಸ್ ಪೆಟ್ಟಿಗೆಗಳು. ದೊಡ್ಡದರಲ್ಲಿ ದೀಪ, ಪ್ಲಗ್ಗು, ಒಲೆ. ಚಿಕ್ಕದರಲ್ಲಿ ನಾಲ್ಕೇ ಸ್ವಿಚ್ಚು: ಮೂರು ಹೀಟರಿನವು, ಒಂದು ಬಿಸಿನೀರಿನ ಟ್ಯಾಂಕಿನದು. ಈ ಚಿಕ್ಕ ಪೆಟ್ಟಿಗೆಯೇ ಎಲ್ಲಕ್ಕೂ ಕೀಲಿಕೈ. ಹಳೆಯ ಎಕಾನಮಿ ಸೆವೆನ್ ಮನೆಗಳಲ್ಲಿ ಸಾಮಾನ್ಯವಾಗಿ ಅದಕ್ಕೆ ಕರೆಂಟು ಬರುವುದೇ ರಾತ್ರಿಯ ಏಳು ಗಂಟೆ. ಹಗಲು ಅದು ಸತ್ತಂತೆ. ಹಳೆಯ ಹೀಟರ್ ತೆಗೆದು ಅದೇ ತಂತಿಗೆ ಹೊಸ ರೇಡಿಯೇಟರ್ ಸಿಕ್ಕಿಸಿದರೆ ಏನಾಗುತ್ತದೆ ಹೇಳಿ? ರಾತ್ರಿ ಒಂದು ಗಂಟೆಗೆ ಬೆಚ್ಚಗಾಗುತ್ತದೆ, ಬೆಳಿಗ್ಗೆ ಎಂಟಕ್ಕೆ ಆರಿಹೋಗುತ್ತದೆ. ಸಂಜೆ ಎಷ್ಟು ಗುಂಡಿ ಒತ್ತಿದರೂ ಉಸಿರಿಲ್ಲ. ರೇಡಿಯೇಟರಿನೊಳಗೆ ಇಟ್ಟಿಗೆ ಇಲ್ಲವಲ್ಲ, ಕೂಡಿಡುವುದು ಅದಕ್ಕೆ ಗೊತ್ತಿಲ್ಲ.

ಆದ್ದರಿಂದ ಆ ತಂತಿಗಳನ್ನು ಇಪ್ಪತ್ತನಾಲ್ಕು ಗಂಟೆಯೂ ಕರೆಂಟು ಇರುವ ಪೆಟ್ಟಿಗೆಗೆ ವರ್ಗಾಯಿಸಬೇಕು. ಇದು ನೋಂದಾಯಿತ ಎಲೆಕ್ಟ್ರಿಷಿಯನ್ ಮಾಡಬೇಕಾದ ಕೆಲಸ, ಅದಕ್ಕೆ ಬೇರೆ ಖರ್ಚು. ಅವನು ಇನ್ನೊಂದನ್ನೂ ನೋಡುತ್ತಾನೆ. ರಾತ್ರಿ ಹೀಟರುಗಳು ಎಳೆಯುತ್ತಿದ್ದ ಕರೆಂಟು ಈಗ ಸಂಜೆ, ಅಡುಗೆ ಒಲೆ ಮತ್ತು ವಿದ್ಯುತ್ ಷವರಿನ ಜೊತೆಗೇ ಎಳೆಯುತ್ತದೆ. ಮನೆಯ ಮುಖ್ಯ ಫ್ಯೂಸ್ 60 ಆಂಪಿಯರಿನದಾದರೆ ಒಟ್ಟು ಹದಿಮೂರು ಮುಕ್ಕಾಲು ಕಿಲೋವ್ಯಾಟಿನಷ್ಟೇ ತಡೆಯುತ್ತದೆ. ಅಲ್ಲಿಯ ಒಂದು ವಿದ್ಯುತ್ ಷವರೇ ಒಂಬತ್ತು ಕಿಲೋವ್ಯಾಟು ನುಂಗಬಲ್ಲದು. ಹಳೆಯ ಹೀಟರ್ ತೆಗೆಯುವಾಗಲೂ ಎಚ್ಚರ ಬೇಕು. ಇಟ್ಟಿಗೆಗಳನ್ನು ಒಂದೊಂದಾಗಿ ಹೊರತೆಗೆದ ಮೇಲೆಯೇ ಪೆಟ್ಟಿಗೆ ಗೋಡೆ ಬಿಡುತ್ತದೆ. 1970ರ ದಶಕದ ನಡುಭಾಗಕ್ಕಿಂತ ಹಿಂದಿನ ಕೆಲವು ಹೀಟರುಗಳಲ್ಲಿ ಕಲ್ನಾರು ಇರುತ್ತಿತ್ತು, ಅಂದರೆ ಆಸ್ಬೆಸ್ಟಾಸ್. ಅಂಥದ್ದನ್ನು ಮನೆಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಿಚ್ಚುವುದು ಸರ್ವಥಾ ಕೂಡದು.

ಇನ್ನು ರೇಡಿಯೇಟರಿನ ವಿಚಾರ. ಇದನ್ನು ಮಾರುವವರ ಮಾತು ಕೇಳಿದರೆ ಒಂದೊಂದೂ ಪವಾಡ. ಒಳಗೆ ವಿಶೇಷ ಜೇಡಿಮಣ್ಣಂತೆ, ವಿಶೇಷ ಎಣ್ಣೆಯಂತೆ, ಅರ್ಧ ಕರೆಂಟಿನಲ್ಲಿ ಇಡೀ ಮನೆ ಬೆಚ್ಚಗಂತೆ. ಬ್ರಿಟನ್ನಿನವರಿಗೆ ಇದನ್ನು ಅಳೆದು ನೋಡಲು ಅವರ ಊರಿನ ವಿಜ್ಞಾನಿಯೇ ಸಾಕು. ಮ್ಯಾಂಚೆಸ್ಟರಿಗೆ ಅಂಟಿಕೊಂಡಿರುವ ಸಾಲ್ಫೋರ್ಡಿನಲ್ಲಿ 1818ರಲ್ಲಿ ಹುಟ್ಟಿದ, ಬಿಯರ್ ತಯಾರಿಸುವ ಮನೆತನದ ಜೇಮ್ಸ್ ಜೂಲ್, ತಂತಿಯಲ್ಲಿ ಕರೆಂಟು ಹರಿದರೆ ಎಷ್ಟು ಶಾಖ ಹುಟ್ಟುತ್ತದೆ ಎಂಬ ಲೆಕ್ಕವನ್ನು 1840ರ ದಶಕದಲ್ಲೇ ಕೊಟ್ಟಿದ್ದಾನೆ. ಒಂದು ಯೂನಿಟ್ ಕರೆಂಟು ಹಾಕಿದರೆ ಒಂದು ಯೂನಿಟ್ ಶಾಖ. ಸಂತೆಯಲ್ಲಿ ಕೊಂಡ ಫ್ಯಾನ್ ಹೀಟರಿಗೂ ಅಷ್ಟೆ, ಸಾವಿರ ಪೌಂಡಿನ ರೇಡಿಯೇಟರಿಗೂ ಅಷ್ಟೆ. ದುಬಾರಿಯದರಲ್ಲಿ ಒಳ್ಳೆಯ ಥರ್ಮೋಸ್ಟಾಟ್ ಇರಬಹುದು, ವಾರದ ಏಳು ದಿನಕ್ಕೂ ಬೇರೆ ಬೇರೆ ಹೊತ್ತು ಗೊತ್ತುಮಾಡುವ ಟೈಮರ್ ಇರಬಹುದು, ಸದ್ದಿಲ್ಲದೆ ಕೆಲಸ ಮಾಡಬಹುದು. ಇವಕ್ಕೆ ಬೆಲೆ ಕೊಡಿ, ತಪ್ಪಿಲ್ಲ. ಒಂದಕ್ಕೆ ಎರಡು ಶಾಖ ಸಿಗುತ್ತದೆ ಎಂಬ ಆಸೆಗೆ ಮಾತ್ರ ಕೊಡಬೇಡಿ. ಒಂದಕ್ಕೆ ಸುಮಾರು ಮೂರು ಶಾಖ ಕೊಡುವ ಯಂತ್ರ ಬೇರೆ ಇದೆ, ಅದು ಹೀಟ್ ಪಂಪ್. ಹೊರಗಿನ ಗಾಳಿಯ ಶಾಖವನ್ನು ಒಳಗೆ ಸಾಗಿಸುವ ಯಂತ್ರ. ಬಿಡಿಮನೆಗಳಿಗೆ ಅದು ಒಳ್ಳೆಯ ದಾರಿ. ಫ್ಲ್ಯಾಟಿನಲ್ಲಿ ಹೊರಗಡೆ ಪೆಟ್ಟಿಗೆ ಇಡಲು ಜಾಗ, ಕಟ್ಟಡದವರ ಒಪ್ಪಿಗೆ ಎರಡೂ ಸಿಗುವುದು ಕಷ್ಟ.

ಈಗ ದುಡ್ಡಿನ ಲೆಕ್ಕ. ದರಗಳು ಕಂಪನಿಯಿಂದ ಕಂಪನಿಗೆ, ಊರಿಂದೂರಿಗೆ, ಮೂರು ತಿಂಗಳಿಗೊಮ್ಮೆ ಬದಲಾಗುತ್ತವೆ. ನಾವು ಲೆಕ್ಕಕ್ಕೆಂದು ದುಂಡು ಸಂಖ್ಯೆ ಹಿಡಿಯೋಣ. ಎಕಾನಮಿ ಸೆವೆನ್‌ನಲ್ಲಿ ರಾತ್ರಿ ಯೂನಿಟ್ಟಿಗೆ 14 ಪೆನ್ಸ್, ಹಗಲು 30 ಪೆನ್ಸ್. ಇಡೀ ದಿನ ಒಂದೇ ದರದ ಪಟ್ಟಿಯಲ್ಲಿ 25 ಪೆನ್ಸ್. ಒಂದು ಮನೆಗೆ ವರ್ಷಕ್ಕೆ ಶಾಖಕ್ಕೆ 4,000 ಯೂನಿಟ್, ಬಿಸಿನೀರಿಗೆ 1,500, ಮಿಕ್ಕ ಬಳಕೆಗೆ 2,000 ಎಂದಿಟ್ಟುಕೊಳ್ಳಿ. ಹಳೆಯ ಏರ್ಪಾಡಿನಲ್ಲಿ ಶಾಖ, ಬಿಸಿನೀರು ಎರಡೂ ರಾತ್ರಿದರಕ್ಕೆ. ಒಟ್ಟು 1,370 ಪೌಂಡು.

ರೇಡಿಯೇಟರ್ ಹಾಕಿಸಿದಿರಿ. ಬೇಕಾದಾಗ ಮಾತ್ರ ಉರಿಸುತ್ತೀರಿ, ಹಾಗಾಗಿ 4,000 ಯೂನಿಟ್ 2,800ಕ್ಕೆ ಇಳಿಯಿತು. ದೊಡ್ಡ ಉಳಿತಾಯವೇ. ಒಂದೇ ದರದ ಪಟ್ಟಿಗೆ ಬದಲಾದರೆ ವರ್ಷದ ಬಿಲ್ಲು 1,575 ಪೌಂಡು. ಯೂನಿಟ್ ಕಡಿಮೆಯಾಯಿತು, ಬಿಲ್ಲು ಇನ್ನೂರು ಪೌಂಡು ಏರಿತು! ಪಟ್ಟಿ ಬದಲಿಸುವುದನ್ನು ಮರೆತು ಎಕಾನಮಿ ಸೆವೆನ್‌ನಲ್ಲೇ ಉಳಿದರೆ, ರೇಡಿಯೇಟರು ಉರಿಯುವುದೆಲ್ಲ ಹಗಲಿನ 30 ಪೆನ್ಸಿನಲ್ಲಿ; ಬಿಲ್ಲು 1,650. ಹಣೆ ಚಚ್ಚಿಕೊಳ್ಳುವವರಲ್ಲಿ ಹೆಚ್ಚಿನವರು ಈ ಮೂರನೆಯ ಸಾಲಿನವರು. ಹೀಟರಿನ ಜೊತೆ ದರಪಟ್ಟಿಯನ್ನೂ ಬದಲಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ.

ಹಾಗಾದರೆ ಉಳಿತಾಯ ಆಗುವುದೇ ಇಲ್ಲವೇ? ಆಗುತ್ತದೆ. ಗಂಡ-ಹೆಂಡತಿ ಇಬ್ಬರೂ ಬೆಳಿಗ್ಗೆ ಹೋಗಿ ರಾತ್ರಿ ಬರುವವರು, ವಾರದ ಕೊನೆಯಲ್ಲೂ ಊರಿನಲ್ಲಿರುವುದಿಲ್ಲ ಎಂದರೆ ಶಾಖದ ಬಳಕೆ 1,800 ಯೂನಿಟ್ಟಿಗೆ ಇಳಿಯಬಹುದು. ಆಗ ಬಿಲ್ಲು 1,325. ಹಳೆಯದಕ್ಕಿಂತ 45 ಪೌಂಡು ಕಡಿಮೆ. ರೇಡಿಯೇಟರ್, ಎಲೆಕ್ಟ್ರಿಷಿಯನ್ನಿನ ಖರ್ಚು ಈ 45 ಪೌಂಡಿನಲ್ಲಿ ಹುಟ್ಟಲು ಎಷ್ಟು ವರ್ಷ ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿಕೊಳ್ಳಿ. ಸುಖಕ್ಕಾಗಿ ಬದಲಿಸುತ್ತೇನೆ ಎನ್ನುವವರ ಮಾತು ಬೇರೆ. ಸಂಜೆ ಮನೆಗೆ ಬಂದು ಗುಂಡಿ ಒತ್ತಿದ ಕೂಡಲೇ ಬೆಚ್ಚಗಾಗುವುದು ಒಂದು ಸುಖವೇ. ಅದಕ್ಕೆ ಬೆಲೆ ಕೊಡುತ್ತಿದ್ದೇನೆ ಎಂಬ ಅರಿವಿದ್ದರೆ ಸಾಕು.

ಒಂದು ಸೂತ್ರ ನೆನಪಿಡಿ. ನಾವು ಹಿಡಿದ ಈ ದರಗಳಲ್ಲಿ, ಒಟ್ಟು ಕರೆಂಟಿನ ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ರಾತ್ರಿ ಬಳಸುವವರಿಗೆ ಎಕಾನಮಿ ಸೆವೆನ್‌ನಿಂದ ಲಾಭವಿಲ್ಲ. ಅದಕ್ಕಿಂತ ಹೆಚ್ಚು ಬಳಸುವವರಿಗೆ ಲಾಭ. ಬಿಲ್ಲಿನಲ್ಲಿ ಎರಡೂ ಅಂಕಿ ಅಚ್ಚಾಗಿರುತ್ತವೆ. ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡುವುದಷ್ಟೇ ಕೆಲಸ.

ನನ್ನ ಸೋದರ ಸೊಸೆಗೆ ಇಡೀ ಮನೆಯ ಲೆಕ್ಕ ಬಿಟ್ಟು ಕೋಣೆ ಕೋಣೆಯ ಲೆಕ್ಕ ಹಾಕಲು ಹೇಳಿದೆ. ಮಲಗುವ ಕೋಣೆಯ ಹೀಟರು 1.7 ಕಿಲೋವ್ಯಾಟಿನದು. ಏಳು ಗಂಟೆ ಪೂರ್ತಿ ತುಂಬಿಕೊಂಡರೆ ಸುಮಾರು 12 ಯೂನಿಟ್. ರಾತ್ರಿದರದಲ್ಲೂ ಒಂದು ಪೌಂಡು 67 ಪೆನ್ಸ್. ಆದರೆ ಆ ಕೋಣೆಗೆ ಅವರು ಹೋಗುವುದೇ ರಾತ್ರಿ ಹತ್ತಕ್ಕೆ. ಒಂದು ಕಿಲೋವ್ಯಾಟಿನ ರೇಡಿಯೇಟರನ್ನು ಎರಡು ಗಂಟೆ ಹಾಕಿದರೆ, ಹಗಲಿನ ಹೆಚ್ಚು ದರದಲ್ಲೂ, 60 ಪೆನ್ಸಿಗೆ ಮುಗಿಯಿತು. ಅಲ್ಲಿ ಇಟ್ಟಿಗೆ ಪೆಟ್ಟಿಗೆ ದಂಡ. ಹಾಲಿನ ಕಥೆ ಬೇರೆ. ಅವಳು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುವವಳು, ಚಿಕ್ಕ ಮಗು ಬೇರೆ. ಹಾಲು ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಬೆಚ್ಚಗಿರಲೇಬೇಕು. ಅಲ್ಲಿಯ 3.4 ಕಿಲೋವ್ಯಾಟಿನ ಹೀಟರ್ ಪೂರ್ತಿ ತುಂಬಿಕೊಂಡರೂ ಮೂರು ಪೌಂಡು 33 ಪೆನ್ಸ್. ಅದೇ ಹದಿನಾಲ್ಕು ಗಂಟೆ ರೇಡಿಯೇಟರು ಸರಾಸರಿ 1.2 ಕಿಲೋವ್ಯಾಟಿನಂತೆ ಉರಿದರೆ ಹಗಲಿನ ದರದಲ್ಲಿ ಐದು ಪೌಂಡು.

ಕೊನೆಗೆ ಅವರು ಮಾಡಿದ್ದು ಹೀಗೆ: ಹಾಲಿನ ಇಟ್ಟಿಗೆ ಪೆಟ್ಟಿಗೆ ಉಳಿಯಿತು, ಬಿಸಿನೀರು ರಾತ್ರಿಯ ತಂತಿಯಲ್ಲೇ ಉಳಿಯಿತು, ಎರಡು ಮಲಗುವ ಕೋಣೆಗಳಿಗೆ ಇಪ್ಪತ್ತನಾಲ್ಕು ಗಂಟೆಯ ತಂತಿ ಎಳೆಸಿ ಟೈಮರ್ ಇರುವ ಸಾದಾ ರೇಡಿಯೇಟರ್ ಹಾಕಿಸಿದರು. ಹಾಲಿನ ಔಟ್‌ಪುಟ್ ಗುಂಡಿಯನ್ನು ರಾತ್ರಿ ಇಳಿಸಿ ಮಧ್ಯಾಹ್ನದ ಮೇಲೆ ಏರಿಸುವ ಅಭ್ಯಾಸ ಮಾಡಿಕೊಂಡರು. “ಮಾಮ, ಸಂಜೆ ಈಗ ಪರವಾಗಿಲ್ಲ” ಅಂತ ಸುದ್ದಿ ಬಂತು. ‘ಪರವಾಗಿಲ್ಲ’ ಅಂದರೆ ನಮ್ಮ ಮನೆಯಲ್ಲಿ ಒಳ್ಳೆಯ ನಂಬರು.

ಬಾಡಿಗೆಗಿರುವವರಿಗೂ ಬಾಡಿಗೆ ಕೊಡುವವರಿಗೂ ಒಂದು ಮಾತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬಾಡಿಗೆಮನೆಗೆ ಇಂಧನ ದಕ್ಷತೆಯ ಪ್ರಮಾಣಪತ್ರದಲ್ಲಿ ಕನಿಷ್ಠ ‘ಇ’ ದರ್ಜೆ ಇರಬೇಕೆಂಬ ನಿಯಮ 2020ರ ಏಪ್ರಿಲ್‌ನಿಂದ ಹಳೆಯ ಬಾಡಿಗೆದಾರರಿಗೂ ಅನ್ವಯಿಸಿದೆ. ಆ ದರ್ಜೆ ಕೊಡುವಾಗ ಶಾಖಕ್ಕೆ ತಗಲುವ ಖರ್ಚನ್ನು ಲೆಕ್ಕ ಹಿಡಿಯುತ್ತಾರೆ. ಹೀಗಾಗಿ ಸ್ಟೋರೇಜ್ ಹೀಟರ್ ತೆಗೆದು ಸಾದಾ ರೇಡಿಯೇಟರ್ ಹಾಕಿಸಿದರೆ ಎಷ್ಟೋ ಸಲ ದರ್ಜೆ ಏರುವ ಬದಲು ಇಳಿಯುತ್ತದೆ. ಹೊಸದು ಹಾಕಿಸಿಯೂ ಮನೆಯ ಅಂಕ ಕಡಿಮೆಯಾಯಿತಲ್ಲ ಎಂದು ಮಾಲೀಕ ಬೆರಗಾಗುವುದು ಇದರಿಂದ. ಹೊಸ ಬಗೆಯ ಸ್ಟೋರೇಜ್ ಹೀಟರುಗಳೂ ಬಂದಿವೆ. ಅವುಗಳ ಶಾಖ ನಿರೋಧಕ ಹೆಚ್ಚು ಗಟ್ಟಿ, ಒಳಗೊಂದು ಫ್ಯಾನು, ಕೋಣೆಯ ಉಷ್ಣತೆ ನೋಡಿ ನಾಳೆಗೆ ಎಷ್ಟು ಬೇಕೆಂದು ತಾವೇ ಅಂದಾಜು ಮಾಡಿ ತುಂಬಿಕೊಳ್ಳುತ್ತವೆ. ಸಂಜೆಗೂ ಶಾಖ ಉಳಿಸಿಕೊಳ್ಳುತ್ತವೆ. ಸಾದಾ ರೇಡಿಯೇಟರಿಗಿಂತ ಎಷ್ಟೋ ದುಬಾರಿ. ಆದರೆ ಇಡೀ ದಿನ ಜನ ಇರುವ ಮನೆಗೆ, ವಯಸ್ಸಾದವರು ಇರುವ ಮನೆಗೆ, ಮೊದಲು ಯೋಚಿಸಬೇಕಾದದ್ದು ಇವನ್ನೇ.

ಉಳಿತಾಯದ ಹುಮ್ಮಸ್ಸಿನಲ್ಲಿ ಒಂದು ಅಪಾಯವನ್ನು ಮರೆಯಬಾರದು. ಗುಂಡಿ ಕೈಯಲ್ಲಿದ್ದರೆ ಆರಿಸುವ ಆಸೆಯೂ ಹೆಚ್ಚು. ಚಳಿಗಾಲದಲ್ಲಿ ಮನೆಯನ್ನು ಕನಿಷ್ಠ 18 ಡಿಗ್ರಿಯಲ್ಲಿಡಿ ಎಂಬುದು ಅಲ್ಲಿಯ ಆರೋಗ್ಯ ಇಲಾಖೆಯ ಸಲಹೆ. ಗೋಡೆ ತಣ್ಣಗಾದರೆ ಗಾಳಿಯ ತೇವ ಅದರ ಮೇಲೆ ಇಳಿಯುತ್ತದೆ. ನಮ್ಮ ಮನೆಗಳಲ್ಲಂತೂ ಅನ್ನ, ಸಾರು, ಹುಳಿ ಎಲ್ಲವೂ ಆವಿಯೇ. ಮೇಲೆ ಮಕ್ಕಳ ಬಟ್ಟೆ ಒಳಗೇ ಒಣಗಬೇಕು. ಕಪಾಟಿನ ಹಿಂದಿನ ಮೂಲೆಯಲ್ಲಿ ಕರ್ರಗೆ ಬೂಷ್ಟು ಹಿಡಿಯಲು ಒಂದು ಚಳಿಗಾಲ ಸಾಕು. ಇಟ್ಟಿಗೆ ಹೀಟರಿನ ಮಂದವಾದ, ಎಡೆಬಿಡದ ಶಾಖ ಗೋಡೆಯನ್ನು ಒಣಗಿಸಿಡುತ್ತಿತ್ತು. ರೇಡಿಯೇಟರಿಗೆ ಬದಲಾದವರು ಅಡುಗೆಮನೆಯ ಗಾಳಿ ಹೊರಹಾಕುವ ಫ್ಯಾನನ್ನು ತಪ್ಪದೆ ಹಾಕಬೇಕು, ಬಳಸದ ಕೋಣೆಯನ್ನೂ ಪೂರ್ತಿ ತಣ್ಣಗೆ ಬಿಡಬಾರದು.

ಇಷ್ಟಾಗಿಯೂ ಕಾಲ ಬದಲಾಗುತ್ತಿದೆ. ರಾತ್ರಿಯ ಕರೆಂಟು ಅಗ್ಗವಾಗಿದ್ದುದಕ್ಕೆ ಮೂಲವಾದ ಕಲ್ಲಿದ್ದಲಿನ ಬಾಯ್ಲರು ಬ್ರಿಟನ್ನಿನಲ್ಲಿ ಈಗ ಇಲ್ಲ. ಕೊನೆಯದಾದ ರ‍್ಯಾಟ್‌ಕ್ಲಿಫ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಅದೇ ವರ್ಷ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಶೇ. 30ರ ಆಸುಪಾಸು ಬಂದದ್ದು ಗಾಳಿಯಿಂದ. ಗಾಳಿ ಗಡಿಯಾರ ನೋಡಿ ಬೀಸುವುದಿಲ್ಲ. ಹಾಗಾಗಿ ಅರ್ಧ ಗಂಟೆಗೊಂದು ದರ ಇರುವ ಪಟ್ಟಿಗಳು ಬಂದಿವೆ. ಗಾಳಿ ಜೋರಾದ ದಿನ ನಡುಹಗಲಲ್ಲೇ ಕರೆಂಟು ಅಗ್ಗ. ಅಂಥ ಕಾಲದಲ್ಲಿ ಶಾಖವನ್ನು ಕೂಡಿಡಬಲ್ಲ ಪೆಟ್ಟಿಗೆಯ ಬೆಲೆ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಹಳೆಯ ಸರಕೆಂದು ಬಿಸಾಡುವ ಮುನ್ನ ಇದನ್ನೂ ಎಣಿಸಬೇಕು.

ಇದು ಅವರ ಚಳಿಯ ಮಾತು, ನಮಗೇನು ಎನ್ನಬೇಡಿ. ರಾತ್ರಿ ಯಾವಾಗಲೋ ಬರುವ ತ್ರೀಫೇಸ್ ಕರೆಂಟಿಗೆ ಕಾದು, ಕಡೆಗೆ ಪಂಪ್‌ಸೆಟ್ಟಿಗೆ ಆಟೋಸ್ಟಾರ್ಟರ್ ಕಟ್ಟಿ ಮಲಗಿದ ನಮ್ಮ ರೈತನಿಗೆ, ಕರೆಂಟಿಗೂ ಹೊತ್ತಿಗೂ ಇರುವ ನಂಟನ್ನು ಯಾರೂ ಕಲಿಸಬೇಕಾಗಿಲ್ಲ. ಪಾವಗಡದಂಥ ಸೌರ ಪಾರ್ಕುಗಳು ಬಂದ ಮೇಲೆ ನಮ್ಮಲ್ಲಿ ಧಾರಾಳವಾಗಿ ಸಿಗುವುದು ಮಧ್ಯಾಹ್ನದ ಕರೆಂಟು. 2023ರಲ್ಲಿ ಕೇಂದ್ರ ಸರ್ಕಾರ ತಿದ್ದಿದ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು, ಸಂಜೆಯ ಒತ್ತಡದ ಹೊತ್ತಿನ ದರ ಹೆಚ್ಚಿರಬೇಕು. ಸ್ಮಾರ್ಟ್ ಮೀಟರ್ ಬಂದಂತೆ ಇದು ಮನೆಮನೆಗೂ ಬರಲಿದೆ. ಬೆಳಿಗ್ಗೆ ಆರಕ್ಕೆ ಊರೆಲ್ಲ ಒಟ್ಟಿಗೆ ಗೀಸರ್ ಹಾಕುವ ನಾವು ಮಧ್ಯಾಹ್ನವೇ ನೀರು ಕಾಯಿಸಿ ಟ್ಯಾಂಕಿನಲ್ಲಿ ಹಿಡಿದಿಡುವ ಯೋಚನೆ ಮಾಡುವ ದಿನ ದೂರವಿಲ್ಲ. ಲೀಡ್ಸಿನ ಇಟ್ಟಿಗೆ ಮಾಡುವ ಕೆಲಸವನ್ನು ಆಗ ನಮ್ಮ ಗೀಸರಿನ ನೀರು ಮಾಡುತ್ತದೆ.

ಅಲ್ಲಿರುವ ನಿಮ್ಮ ಮಕ್ಕಳು ಹೀಟರ್ ಬದಲಿಸುವ ಮಾತು ಎತ್ತಿದರೆ ಈ ಕ್ರಮದಲ್ಲಿ ಕೇಳಿ. ಮೀಟರಿನಲ್ಲಿ ಎಷ್ಟು ದರ, ಯಾವ ಹೊತ್ತಿನಿಂದ ಯಾವ ಹೊತ್ತಿಗೆ? ಹೀಟರಿನ ತಂತಿ ಯಾವ ಫ್ಯೂಸ್ ಪೆಟ್ಟಿಗೆಯಿಂದ ಬಂದಿದೆ? ಯಾವ ಕೋಣೆಯಲ್ಲಿ ಎಷ್ಟು ಹೊತ್ತು ಇರುತ್ತೀರಿ? ಬದಲಿಸಿದ ಮೇಲೆ ದರಪಟ್ಟಿಯನ್ನೂ ಬದಲಿಸುತ್ತೀರಾ? ಈ ನಾಲ್ಕಕ್ಕೂ ಉತ್ತರ ಬರೆದಿಟ್ಟುಕೊಂಡ ಮೇಲೆ ಯಾವ ರೇಡಿಯೇಟರ್ ಎಂದು ಕೇಳಲಿ. ಅಷ್ಟು ಹೊತ್ತಿಗೆ ಎಷ್ಟು ಬೇಕು, ಎಲ್ಲಿ ಬೇಕು, ಬೇಕೇ ಬೇಡವೇ ಎಂಬುದು ಅವರಿಗೇ ತಿಳಿದಿರುತ್ತದೆ. ಅಂಗಡಿಯವನು ಹೇಳಿಕೊಡಬೇಕಾದದ್ದು ಬಣ್ಣ ಒಂದೇ.